ಶಾಲೆಯ ಮಾಳಿಗೆಗೆ ಇನ್ನೊಂದು ಲೋಡು ಮಣ್ಣು ಬೇಡ

ಸರ್ಕಾರಿ ಶಾಲೆಗಳ ಗೋಡೆ ಮಾಳಿಗೆಗಳ ಯೋಗಕ್ಷೇಮ ನೋಡಿಕೊಳ್ಳುವ ಮಾನ್ಯ ಇಂಜಿನಿಯರ್ ಸಾಹೇಬರೇ,

ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ಕರೆಕಲ್ಲಹಟ್ಟಿಯ ಪ್ರಾಥಮಿಕ ಶಾಲೆಯ ಮಾಳಿಗೆಯ ಮೇಲೆ, ಶಾಲೆ ಶುರುವಾಗುವುದರೊಳಗೆ ಇನ್ನೊಂದು ಟ್ರ್ಯಾಕ್ಟರ್ ಲೋಡು ಮಣ್ಣು ಹಾಕಿಸಲು ತಾವು ಮಂಜೂರಾತಿ ಕೊಟ್ಟಿದ್ದೀರಿ. ದಯಮಾಡಿ ಹಾಕಿಸಬೇಡಿ. ‘ಕೊಡಿ ಸ್ವಾಮಿ’ ಎಂದು ಕೈಯೊಡ್ಡುವ ಅರ್ಜಿಗಳನ್ನು ತಾವು ದಿನಾ ನೋಡುತ್ತೀರಿ. ‘ಕೊಡಬೇಡಿ ಸ್ವಾಮಿ, ಕೊಟ್ಟರೆ ಮಕ್ಕಳು ಉಳಿಯುವುದಿಲ್ಲ’ ಎಂದು ಅಂಗಲಾಚುವ ಅರ್ಜಿ ಇದೇ ಮೊದಲಿರಬಹುದು. ಅದಕ್ಕೇ ಇರಬೇಕು, ಅಂಚೆಯಲ್ಲಿ ಕಳಿಸಿದ ನಮ್ಮ ಪತ್ರಗಳು ತಮಗೆ ಅರ್ಥವಾಗಲಿಲ್ಲ. ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮಗೆ ಅರ್ಥವಾಗದಿದ್ದರೂ ಓದಿದ ನಾಲ್ಕು ಜನರಿಗಾದರೂ ಆಗಲಿ, ನಾಳೆ ಏನಾದರೂ ಆದರೆ ‘ಯಾರೂ ಹೇಳಿರಲಿಲ್ಲ’ ಎನ್ನುವ ಮಾತು ಮಾತ್ರ ತಮ್ಮ ಬಾಯಿಂದ ಬರದಿರಲಿ.

ಮೊದಲು ಮಾಳಿಗೆಯ ಕಥೆ ಕೇಳಿ. ನಮ್ಮ ಕಡೆ ಹಳೆಯ ಕಟ್ಟಡಗಳಿಗೆ ಹೆಂಚಿಲ್ಲ. ಗುಂಡುಕಲ್ಲುಗಳನ್ನು ಕೆಸರಿನಲ್ಲಿ ಕೂರಿಸಿ ಎತ್ತಿದ ದಪ್ಪ ಗೋಡೆ. ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ತಂಗಡಿ ಗಿಡದ ಹಾಸು, ಎಲ್ಲಕ್ಕೂ ಮೇಲೆ ಮಣ್ಣು. ಮುಂಗಾರಿಗೆ ಮುಂಚೆ ಚೌಳು ಮಣ್ಣು ತಂದು ಹರಡಿ ತುಳಿದರೆ ಒಂದು ಹನಿ ನೀರು ಒಳಗಿಳಿಯದು. ನಮ್ಮ ಶಾಲೆಯೂ ಅಂಥದ್ದೇ. ಸ್ವಾತಂತ್ರ್ಯಕ್ಕೂ ಮುಂಚೆ ಅದು ಅಜ್ಜಪ್ಪನವರೆಂಬ ವ್ಯಾಪಾರಸ್ಥರ ಶೇಂಗಾ ಗೋದಾಮು. ತಮಗೆ ವಯಸ್ಸಾದ ಮೇಲೆ ಅವರು ಅದನ್ನು ಊರಿಗೆ ಬಿಟ್ಟುಕೊಟ್ಟು, ‘ಇಲ್ಲಿ ಹುಡುಗರು ಅಕ್ಷರ ಕಲೀಲಿ. ಫೀಜು ಗೀಜು ಬ್ಯಾಡ. ಮಗ ಸೇರೋ ದಿನ ಅಪ್ಪ ಆದೋನು ಮಾಳಿಗೆಗೆ ಒಂದು ಪುಟ್ಟಿ ಮಣ್ಣು ಹಾಕ್ಲಿ, ಸಾಕು’ ಎಂದರಂತೆ. ಅಂದಿನಿಂದ ಇಂದಿನವರೆಗೆ ನಮ್ಮೂರಲ್ಲಿ ಶಾಲೆಗೆ ಸೇರುವುದೆಂದರೆ ಹೆಸರು ಬರೆಸುವುದಲ್ಲ. ಅಪ್ಪ ತಲೆಯ ಮೇಲೆ ಮಣ್ಣಿನ ಪುಟ್ಟಿ ಹೊತ್ತು ಏಣಿ ಹತ್ತಬೇಕು. ಹಿಂದೆ ಮಗು ತನ್ನ ಪುಟ್ಟ ಮುಷ್ಟಿಯಲ್ಲಿ ಒಂದು ಹಿಡಿ ಮಣ್ಣು ಹಿಡಿದು ಹತ್ತಬೇಕು. ಕೆಳಗೆ ನಿಂತ ಹೆಂಗಸರು ಸೋಬಾನೆ ಹೇಳುತ್ತಾರೆ, ಮೇಲಿನಿಂದ ಮಗು ಕೈ ಬೀಸುತ್ತದೆ. ಗಂಡನ ಮನೆಗೆ ಹೋದ ಹೆಣ್ಣುಮಕ್ಕಳು ಗಂಡನಿಗೆ ಊರು ತೋರಿಸುವಾಗ ದೇವಸ್ಥಾನಕ್ಕಿಂತ ಮುಂಚೆ ಶಾಲೆಯ ಮಾಳಿಗೆ ತೋರಿಸಿ, ‘ಅಲ್ಲಿ ನಂದೂ ಒಂದು ಹಿಡಿ ಐತೆ’ ಅನ್ನುತ್ತಾರೆ. ನನಗಾಗಿ ನನ್ನಪ್ಪ ಹೊತ್ತ ಪುಟ್ಟಿ ಅಲ್ಲಿದೆ, ನನ್ನ ಮಗನಿಗಾಗಿ ನಾನು ಹೊತ್ತದ್ದಿದೆ, ಮೊಮ್ಮಗಳು ಸೌಂದರ್ಯಳಿಗಾಗಿ ನನ್ನ ಮಗ ಹೊತ್ತದ್ದಿದೆ. ಹತ್ತಿಸುವ ಪದ್ಧತಿಯನ್ನು ಅಜ್ಜಪ್ಪನವರು ಹೇಳಿಕೊಟ್ಟರು. ಇಳಿಸುವ ಪದ್ಧತಿಯನ್ನು ಹೇಳಿಕೊಡುವುದಕ್ಕೆ ಮರೆತರು. ನಮ್ಮಲ್ಲಿ ಯಾರಿಗೂ ಕೇಳಬೇಕೆಂದೂ ಅನ್ನಿಸಲಿಲ್ಲ.

ಇನ್ನು ಈ ವರ್ಷ ಫೆಬ್ರವರಿಯಲ್ಲಿ ನಡೆದದ್ದು. ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಕೂತಿದ್ದವು. ನಾನು ಶಾಲೆಯ ಎದುರಿನ ಕಟ್ಟೆಯಲ್ಲಿದ್ದೆ. ನೆಲದಡಿಯಲ್ಲಿ ಯಾರೋ ಖಾಲಿ ಲಾರಿ ಓಡಿಸಿದಂತೆ ಗುಡುಗುಡು ಸದ್ದಾಯಿತು. ಸದ್ದು ಎಲ್ಲಿಂದ ಎಂದು ತಲೆ ತಿರುಗಿಸುವುದರೊಳಗೆ ‘ಧಡ್’ ಎಂದು ಕಟ್ಟೆ ನನ್ನನ್ನು ಒಮ್ಮೆ ಎತ್ತಿ ಕೂರಿಸಿತು. ಬೇವಿನ ಮರದಿಂದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಆಮೇಲೆ ಶಾಲೆಯ ಬಾಗಿಲಿನಿಂದ ಮೊದಲು ಧೂಳು ಹೊರಗೆ ಬಂತು, ಹಿಂದೆ ಮಕ್ಕಳು ಬಂದವು. ತಲೆ, ಹುಬ್ಬು, ಸಮವಸ್ತ್ರ ಎಲ್ಲ ಬೂದು ಬಣ್ಣ. ಒಂದು ಮಗುವೂ ಅಳುತ್ತಿರಲಿಲ್ಲ. ಅದನ್ನು ಕಂಡು ನನಗೆ, ಅತ್ತಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಭಯವಾಯಿತು. ಮುಖ್ಯೋಪಾಧ್ಯಾಯಿನಿ ದಾಕ್ಷಾಯಿಣಿ ಟೀಚರು ಕೊನೆಯಲ್ಲಿ ಬಂದರು, ಇಬ್ಬರು ಚಿಕ್ಕವರನ್ನು ಎರಡು ಕಂಕುಳಲ್ಲಿ ಎತ್ತಿಕೊಂಡು. ಸೌಂದರ್ಯ ನನ್ನ ಪಂಚೆ ಹಿಡಿದು ಹೇಳಿದಳು: ‘ತಾತಾ, ಮಾಳಿಗೆ ಕೆಮ್ಮಿತು.’

ಆ ದಿನ ಮೊಳಕಾಲ್ಮೂರಿನಲ್ಲಿ ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದ ನೇಕಾರರಿಗೂ ಪಾದ ಜುಮ್ಮೆಂದಿತಂತೆ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಸದ್ದಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲವಂತೆ.

ಸಾಹೇಬರೇ, ಇಲ್ಲಿಂದ ಮುಂದೆ ನಮ್ಮೂರಿನ ಬುದ್ಧಿವಂತಿಕೆಯನ್ನು ಮುಚ್ಚಿಡದೆ ಹೇಳುತ್ತೇನೆ. ತಮ್ಮದನ್ನು ಹೇಳುವ ಮೊದಲು ನಮ್ಮದನ್ನು ಹೇಳುವುದು ನ್ಯಾಯ. ಅದೇ ಸಂಜೆ ಊರು ಕಟ್ಟೆಯಲ್ಲಿ ಸೇರಿತು. ಶಾಲಾ ಸಮಿತಿಯ ಅಧ್ಯಕ್ಷ ದುರುಗಣ್ಣ ನನ್ನ ಓರಗೆಯವನು, ಒಂದೇ ಬೆಂಚಿನಲ್ಲಿ ಕೂತು ಒದೆ ತಿಂದವರು ನಾವು. ಅವನದು ಮನೆಯಲ್ಲಿ ತೆಲುಗು, ಕಟ್ಟೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

‘ಏಮಿರಾ ಇದಿ! ಮೇಲಿಂದ ಮಣ್ಣು ಉದುರಿತು ಅಂದ್ರೆ ಏನರ್ಥ?’ ಎಂದ ದುರುಗಣ್ಣ. ‘ಮಾಳಿಗೆ ತೆಳ್ಳಗಾಗೈತೆ ಅಂತ ಅರ್ಥ. ಮಣ್ಣು ಸಾಲ್ದು.’

‘ನೆಲ ಅಲ್ಲಾಡಿದ್ದಕ್ಕೆ ಉದುರಿತಲ್ಲೋ’ ಎಂದೆ.

‘ಲೇ ಮುದ್ದಾ, ನೆಲಕ್ಕೂ ಮಾಳಿಗೆಗೂ ಏನ್ಲೇ ಸಂಬಂಧ? ನೆಲ ಕೆಳಗೈತೆ, ಮಾಳಿಗೆ ಮೇಲೈತೆ. ನೀನು ಕಥೆ ಹೇಳೋದು ಬಿಟ್ಟು ಏಣಿ ಹಿಡಿ.’

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾರನೆಯ ದಿನ ಮನೆಗೊಂದು ಪುಟ್ಟಿಯಂತೆ ಇಡೀ ಊರು ಮಣ್ಣು ಹೊತ್ತಿತು. ಮಕ್ಕಳ ತಲೆಯ ಮೇಲೆ ಮಣ್ಣು ಉದುರಿದ್ದಕ್ಕೆ ಪರಿಹಾರವಾಗಿ ಮಕ್ಕಳ ತಲೆಯ ಮೇಲೆ ಇನ್ನಷ್ಟು ಮಣ್ಣು ಹಾಕಿ, ತುಳಿದು, ಸಮ ಮಾಡಿ, ಬೆಲ್ಲ ಹಂಚಿದೆವು. ಇಂಥ ತಪ್ಪು ಮಾಡುವುದಕ್ಕೆ ಮಣ್ಣಿನ ಮೇಲೆ ನಮಗಿರುವಷ್ಟು ಪ್ರೀತಿ ಬೇಕು. ಬೇರೆಯವರಿಂದ ಆಗುವ ಕೆಲಸವಲ್ಲ.

ಹಾಗಂದುಕೊಂಡಿದ್ದೆ. ಆದರೆ ತಮ್ಮ ಇಲಾಖೆಯಿಂದ ಆಯಿತು!

ದಾಕ್ಷಾಯಿಣಿ ಟೀಚರು ಮಾತ್ರ ಅಂದಿನಿಂದ ಮಕ್ಕಳನ್ನು ಬೇವಿನ ಮರದಡಿ ಕೂರಿಸಿ, ತಮಗೆ ಪತ್ರ ಬರೆದಿದ್ದರು. ಮಾರ್ಚಿನಲ್ಲಿ ತಮ್ಮ ಕಿರಿಯ ಇಂಜಿನಿಯರ್ ಒಬ್ಬರು ಜೀಪಿನಲ್ಲಿ ಬಂದರು. ಒಳ್ಳೆಯ ಮನುಷ್ಯ, ಮಜ್ಜಿಗೆ ಕೊಟ್ಟರೆ ಇನ್ನೊಂದು ಲೋಟ ಕೇಳಿ ಕುಡಿದರು. ಗೋಡೆ ತಟ್ಟಿ ನೋಡಿದರು. ಮೂಲೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. ಅದರಲ್ಲಿ ಬೆರಳಿಟ್ಟು ನೋಡಿ ತೆಗೆದರು. ಆಮೇಲೆ ದಾಕ್ಷಾಯಿಣಿ ಟೀಚರಿಗೆ ಲೆಕ್ಕ ಹೇಳಿದರು. ಆ ಲೆಕ್ಕವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

‘ನೋಡಿ ಮೇಡಂ, ಇಲ್ಲಿ ಆಗಿರೋ ಭೂಕಂಪ ರಿಕ್ಟರ್ ಲೆಕ್ಕದಲ್ಲಿ ಮೂರಕ್ಕಿಂತ ಕಡಿಮೆ. ಮಹಾರಾಷ್ಟ್ರದ ಕಿಲ್ಲಾರಿಲಿ ತೊಂಬತ್ತಮೂರರಲ್ಲಿ ಆಗಿದ್ದು ಆರು ಚಿಲ್ಲರೆ. ಅಂದ್ರೆ ಹೆಚ್ಚು ಕಡಿಮೆ ಅರ್ಧ ಕಿಲ್ಲಾರಿ ಬಂದುಹೋಗಿದೆ. ಅರ್ಧಕ್ಕೆ ಏನೂ ಆಗಿಲ್ಲ ಅಂದ್ಮೇಲೆ ಕಟ್ಟಡ ಗಟ್ಟಿ ಇದೆ ಅಂತ ತಾನೆ?’

ಟೀಚರು ‘ಹೂಂ ಸಾರ್’ ಎಂದರು. ಮೇಲಧಿಕಾರಿ ಅಲ್ಲದಿದ್ದರೂ ಜೀಪಿನಲ್ಲಿ ಬಂದವರ ಎದುರು ನಮ್ಮ ಟೀಚರುಗಳು ‘ಹೂಂ’ ಅನ್ನುವುದು ರೂಢಿ. ತಿಂಗಳೊಪ್ಪತ್ತಿನಲ್ಲಿ ತಮ್ಮ ಸಹಿಯ ಉತ್ತರ ಬಂತು. ಒಂದು: ನಿಮ್ಮ ತಾಲ್ಲೂಕು ಭೂಕಂಪದ ನಕ್ಷೆಯಲ್ಲಿ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿದೆ, ಆದ್ದರಿಂದ ಆತಂಕಪಡುವ ಅಗತ್ಯವಿಲ್ಲ. ಎರಡು: ಮಣ್ಣು ಉದುರುತ್ತಿರುವುದು ಮಾಳಿಗೆಯ ಹೊದಿಕೆ ಸವೆದಿರುವುದರ ಲಕ್ಷಣ, ಆದ್ದರಿಂದ ಒಂದು ಟ್ರ್ಯಾಕ್ಟರ್ ಲೋಡು ಮಣ್ಣು ಹೊದಿಸಲು ಮಂಜೂರಾಗಿದೆ. ಮೂರು: ಮಕ್ಕಳನ್ನು ಮರದಡಿ ಕೂರಿಸಿ ಪಾಠ ಮಾಡುತ್ತಿರುವುದು ಇಲಾಖೆಗೆ ಶೋಭೆ ತರುವಂಥದ್ದಲ್ಲ, ಕೂಡಲೇ ತರಗತಿಗಳನ್ನು ಕಟ್ಟಡದೊಳಗೆ ನಡೆಸತಕ್ಕದ್ದು.

ನಮ್ಮೂರೂ ಸರ್ಕಾರವೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ನನ್ನ ಆಯುಷ್ಯದಲ್ಲಿ ಇದೊಂದೇ ಸಲ. ನಾಲ್ಕಕ್ಷರ ಮಾತ್ರ ಕಲಿತ ನಾವು ಕಟ್ಟೆಯಲ್ಲಿ ಕೂತು ಹೇಳಿದ್ದನ್ನೇ ತಾವು ಮೇಜಿನ ಮುಂದೆ ಕೂತು ಹೇಳಿದಿರಿ. ಭೂಮಿ ನಡುಗಿದರೆ ಮದ್ದು ಯಾವುದು? ಮಣ್ಣು. ದುರುಗಣ್ಣ ತಮ್ಮ ಪತ್ರವನ್ನು ಎತ್ತಿ ಹಿಡಿದು, ‘ನೋಡ್ರಲೇ, ಇಂಜಿನಿಯರ್ ಸಾಹೇಬ್ರೇ ನನ್ನ ಮಾತು ಹೇಳ್ಯಾರೆ’ ಎಂದು ಊರೆಲ್ಲ ಸುತ್ತಿದ.

ಏಪ್ರಿಲ್ ರಜೆಯಲ್ಲಿ ಟೀಚರ ತಮ್ಮ ಶಶಿಕಾಂತ್ ಅಕ್ಕನನ್ನು ನೋಡಲು ಬಂದ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮನೆಯ ಹುಡುಗ. ಮಿಲ್ಲು ಬಿಟ್ಟು ಭೂಮಿಯ ನಡುಕ ದಾಖಲಿಸುವ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದಾನೆ. ಅವನು ಶಾಲೆಗೆ ಬಂದವನು ಒಳಗೆ ಕಾಲಿಡಲಿಲ್ಲ. ಹೊರಗೇ ನಿಂತು ಬಹಳ ಹೊತ್ತು ಗೋಡೆ ನೋಡಿದ. ಏಣಿ ತರಿಸಿ ಮಾಳಿಗೆ ಹತ್ತಿದ. ಬೆಳಕಿಂಡಿಯ ಪಕ್ಕದಲ್ಲಿ ಅಂಚು ಕುಸಿದಿರುವ ಕಡೆ ಮಣ್ಣಿನ ಪದರಗಳು ಕಾಣುತ್ತವೆ. ಒಂದು ಬೂದು, ಒಂದು ಕಂದು, ನಡುವೆ ಕೊಳೆತ ಹುಲ್ಲಿನ ಗೆರೆ, ಮತ್ತೆ ಬೂದು. ಅವನು ಅಲ್ಲಿ ಮೇಲಿನಿಂದ ಕೆಳಕ್ಕೆ ಕೈಯಿಟ್ಟು ಅಳೆದ. ಬೆರಳ ತುದಿ ತಂಗಡಿ ಹಾಸಿಗೆ ತಾಗುವಾಗ ಮಣ್ಣು ಅವನ ಭುಜದ ಮಟ್ಟದಲ್ಲಿತ್ತು.

‘ಇದೇನ್ರಿ ಯಜಮಾನ್ರೆ, ಮಾಳಿಗೆನೋ ಹೊಲಾನೋ?’ ಎಂದ.

‘ನಮ್ಮೆಲ್ಲರ ವಿದ್ಯೆ ಅಪ್ಪಾ ಅದು’ ಎಂದ ದುರುಗಣ್ಣ ಹೆಮ್ಮೆಯಿಂದ.

ಹುಡುಗ ನಗಲಿಲ್ಲ. ಕೆಳಗಿಳಿದು ಶಾಲೆಯಿಂದ ಒಂದು ಡೆಸ್ಕನ್ನು ಅಂಗಳಕ್ಕೆ ತರಿಸಿದ. ಊರಿನ ಮುದುಕಿ ಉಚ್ಚಂಗೆಮ್ಮನ ಮನೆಯಿಂದ ರುಬ್ಬುವ ಗುಂಡುಕಲ್ಲು ತರಿಸಿ, ಹಗ್ಗದಿಂದ ಡೆಸ್ಕಿನ ಹಲಗೆಯಡಿ ತೂಗುಬಿಟ್ಟ. ಕಲ್ಲಿಗೆ ಒಂದು ಸೀಮೆಸುಣ್ಣ ಕಟ್ಟಿದ. ಡೆಸ್ಕಿನ ಕಾಲುಪಟ್ಟಿಯ ಮೇಲೆ ಸ್ಲೇಟನ್ನು ಬಿಗಿದು, ಸುಣ್ಣದ ತುದಿ ಅದಕ್ಕೆ ತಾಗುವಂತೆ ಇಟ್ಟ. ಒಂದು ಕಡೆ ನಾನು, ಇನ್ನೊಂದು ಕಡೆ ದುರುಗಣ್ಣ. ‘ಥಟ್ಟಂತ ಜಗ್ಗಿ ಬಿಡ್ರಿ’ ಎಂದ. ಜಗ್ಗಿದೆವು. ಡೆಸ್ಕು ಸರಿಯಿತು, ಸ್ಲೇಟು ಸರಿಯಿತು. ಆದರೆ ಗುಂಡುಕಲ್ಲು, ಒಂದು ರೆಪ್ಪೆ ಬಡಿಯುವಷ್ಟು ಹೊತ್ತು, ಇದ್ದಲ್ಲೇ ಇತ್ತು. ಸ್ಲೇಟಿನ ಮೇಲೆ ಅಂಕುಡೊಂಕು ಗೆರೆ ಬಿದ್ದಿತ್ತು.

‘ಇಷ್ಟೇ ನೋಡ್ರಿ ನಮ್ಮ ಯಂತ್ರ’ ಎಂದ. ‘ಭಾರ ಇರೋ ವಸ್ತು ಇದ್ದಲ್ಲೇ ಇರಾಕೆ ನೋಡುತ್ತೆ. ನೆಲ ಅದನ್ನ ಬಿಟ್ಟು ಸರಿಯುತ್ತೆ. ಎಷ್ಟು ಸರೀತು ಅಂತ ಆ ಗೆರೆ ಹೇಳುತ್ತೆ. ಈಗಿನ ಯಂತ್ರದಲ್ಲಿ ಕರೆಂಟು, ಕಂಪ್ಯೂಟರು ಎಲ್ಲಾ ಐತೆ, ಒಳಗಿನ ತತ್ವ ಇದೇಯ.’

ಆಮೇಲೆ ನೆಲ ಯಾಕೆ ಸರಿಯುತ್ತದೆ ಎಂದು ಹೇಳಿದ. ನಾವು ನಿಂತಿರುವ ಈ ದೇಶವೆಲ್ಲ ಒಂದು ದೊಡ್ಡ ಬಂಡೆ, ಅದು ಕೋಟ್ಯಂತರ ವರ್ಷಗಳಿಂದ ಉತ್ತರಕ್ಕೆ ಒತ್ತುತ್ತಾ ಹಿಮಾಲಯವನ್ನು ಎತ್ತಿದೆ, ಇನ್ನೂ ಒತ್ತುತ್ತಿದೆ. ಉಗುರು ಬೆಳೆಯುವಷ್ಟು ನಿಧಾನ. ಆ ಒತ್ತಡ ನಮ್ಮ ಕಾಲಡಿಯ ಗಟ್ಟಿ ಬಂಡೆಗೂ ಬರುತ್ತದೆ. ಬಂಡೆಯಲ್ಲಿ ಹಳೆಯ ಸೀಳುಗಳಿವೆ, ಎರಡು ಬದಿಯೂ ಒಂದಕ್ಕೊಂದು ಕಚ್ಚಿಕೊಂಡಿವೆ. ಮಳೆಗಾಲದಲ್ಲಿ ಬಿಗಿದುಕೊಂಡ ಬಾಗಿಲನ್ನು ಭುಜ ಕೊಟ್ಟು ತಳ್ಳಿದ ಹಾಗೆ. ತಳ್ಳುತ್ತೀರಿ, ತಳ್ಳುತ್ತೀರಿ, ಏನೂ ಆಗುವುದಿಲ್ಲ. ಏನೂ ಆಗುತ್ತಿಲ್ಲ ಎಂದುಕೊಂಡ ಹೊತ್ತಿನಲ್ಲಿ ಧಡಾರನೆ ಬಿಟ್ಟುಕೊಳ್ಳುತ್ತದೆ, ಗೂಟದಲ್ಲಿದ್ದ ಸೌಟು ಚಮಚ ಎಲ್ಲ ಅದುರುತ್ತವೆ. ಆ ಅದುರು ಎರಡು ಬಗೆಯಲ್ಲಿ ಬರುತ್ತದಂತೆ. ಮೊದಲು ಮುಂದೆ ಹಿಂದೆ ನೂಕುವ ವೇಗದ ಅಲೆ, ಅದೇ ನಾನು ಕೇಳಿದ ಗುಡುಗುಡು. ಹಿಂದಿನಿಂದ ಅಡ್ಡಡ್ಡ ತೂಗಾಡಿಸುವ ನಿಧಾನದ ಅಲೆ. ಗೋಡೆಗಳನ್ನು ಬೀಳಿಸುವುದು ಹೆಚ್ಚಾಗಿ ಎರಡನೆಯದು. ಮಿಂಚು ಕಂಡು ಗುಡುಗು ಕೇಳುವುದರ ನಡುವಿನ ಹೊತ್ತು ನೋಡಿ ಸಿಡಿಲು ಎಷ್ಟು ದೂರ ಎಂದು ನಾವು ಅಂದಾಜು ಮಾಡುತ್ತೇವಲ್ಲ, ಹಾಗೆಯೇ ಎರಡು ಅಲೆಗಳ ನಡುವಿನ ಅಂತರದಿಂದ ಅವರು ನಡುಕ ಹುಟ್ಟಿದ ಜಾಗದ ದೂರ ಹಿಡಿಯುತ್ತಾರೆ. ಮೂರು ಊರಿನ ಯಂತ್ರಗಳು ಮೂರು ದೂರ ಹೇಳಿದರೆ ಜಾಗ ಸಿಕ್ಕಿಬೀಳುತ್ತದೆ. ಈ ಸಲ ಸಿಕ್ಕಿಬಿದ್ದ ಜಾಗ ನಮ್ಮೂರಿನಿಂದ ಬಹಳ ದೂರವಿಲ್ಲವಂತೆ.

ದಾಕ್ಷಾಯಿಣಿ ಟೀಚರು ಆಗ ‘ಅರ್ಧ ಕಿಲ್ಲಾರಿ’ಯ ಲೆಕ್ಕ ಕೇಳಿದರು. ಶಶಿಕಾಂತ್ ಮುಖ ಮುಚ್ಚಿಕೊಂಡು ಕೂತುಬಿಟ್ಟ.

‘ಅಕ್ಕಾ, ಅದು ಏಣಿ ಮೆಟ್ಟಿಲಿನ ಹಂಗಲ್ಲ. ಒಂದೊಂದು ಅಂಕಿ ಮೇಲೆ ಹೋದ್ರೆ ಹೊರಗೆ ಬರೋ ಶಕ್ತಿ ಮೂವತ್ತು ಪಟ್ಟಿಗೂ ಮೇಲೆ ಹೆಚ್ಚುತ್ತೆ. ಮೂರು ಅನ್ನೋದು ಒಂದು ಪುಟ್ಟಿ ಮಣ್ಣು ಅಂತ ಇಟ್ಕೊ. ನಾಕು ಅಂದ್ರೆ ಮೂವತ್ತು ಪುಟ್ಟಿ. ಐದು ಅಂದ್ರೆ ಸಾವಿರ. ಆರು ಅಂದ್ರೆ ಮೂವತ್ತು ಸಾವಿರ ಪುಟ್ಟಿ. ಒಂದು ಪುಟ್ಟಿನ ಮೂವತ್ತು ಸಾವಿರ ಪುಟ್ಟಿಲಿ ಅರ್ಧ ಅಂತಾರೇನು ಆ ಮಹಾರಾಯ್ರು?’

ಇಷ್ಟು ಹೇಳಿ, ನಮ್ಮ ಜಾತ್ರೆಯ ಉರುಮೆ ವಾದ್ಯದವರನ್ನು ನೆನಪಿಸಿ ಇನ್ನೊಂದು ಮಾತು ಸೇರಿಸಿದ. ಉರುಮೆ ಬಾರಿಸುವವನ ಕೈಯ ಬಲ ಒಂದೇ, ಆದರೆ ಪಕ್ಕದಲ್ಲಿ ನಿಂತವನಿಗೆ ಕಿವಿ ತೂತಾಗುತ್ತದೆ, ಆಚೆ ಊರಿನವನಿಗೆ ಗುಂಯ್ ಎನ್ನುತ್ತದೆ. ಕೈಯ ಬಲವೇ ಭೂಕಂಪದ ಪ್ರಮಾಣ, ಪತ್ರಿಕೆಯಲ್ಲಿ ಬರುವ ಅಂಕಿ. ಕಿವಿಗೆ ಬಡಿದದ್ದು ತೀವ್ರತೆ, ಅದು ಊರಿಂದೂರಿಗೆ ಬೇರೆ. ಅದನ್ನು ಅಳೆಯುವುದು ಬರೀ ಯಂತ್ರದಿಂದಲ್ಲ, ಯಾವ ಪಾತ್ರೆ ಉರುಳಿತು, ಯಾವ ಗೋಡೆ ಸೀಳಿತು, ಯಾರು ಓಡಿದರು ಎಂಬುದರಿಂದ. ‘ಅಂಕಿ ನೋಡಿ ಧೈರ್ಯ ತಗೋಬ್ಯಾಡ್ರಿ’ ಎಂದ. ‘ಸೂರು ನೋಡಿ ಹೆದರ್ಕೊಳ್ರಿ.’ ಹಾಗೆಂದು ನಮ್ಮನ್ನು ಶಾಲೆಯ ಬಾಗಿಲಿಗೆ ಕರೆದುಕೊಂಡು ಹೋಗಿ, ಹೊಸ್ತಿಲಿನ ಹೊರಗೇ ನಿಲ್ಲಿಸಿ, ಮೇಲಕ್ಕೆ ಕೈ ತೋರಿಸಿದ.

‘ಅಲ್ಲಿ ನೋಡ್ರಿ ಯಜಮಾನ್ರೆ. ಅದೂ ಒಂದು ಗುಂಡುಕಲ್ಲೇ. ನೆಲ ಸರಿದಾಗ ಇದ್ದಲ್ಲೇ ಇರಾಕೆ ನೋಡುತ್ತೆ. ಗೋಡೆ ಮಾತ್ರ ನೆಲದ ಜೊತೆ ಹೋಗುತ್ತೆ.’

ಸಾಹೇಬರೇ, ಆ ಒಂದು ಮಾತಿಗೆ ನಮ್ಮ ದುರುಗಣ್ಣನ ಕೈ ತಾನಾಗಿ ತಲೆಯ ಮೇಲೆ ಹೋಯಿತು. ನಾವು ತಲೆಮಾರುಗಳಿಂದ ಶಾಲೆ ಎಂದುಕೊಂಡು ಕಟ್ಟಿದ್ದು ಒಂದು ಭೂಕಂಪ ಮಾಪಕ. ಅದರ ಭಾರವನ್ನು ವರ್ಷ ವರ್ಷ ಪ್ರೀತಿಯಿಂದ ಹೆಚ್ಚಿಸಿದ್ದೇವೆ. ಅದರ ಕೆಳಗೆ ಗೆರೆ ಎಳೆಸಿಕೊಳ್ಳಲು ಕೂತಿರುವ ಸ್ಲೇಟು ಯಾವುದು ಎಂದು ತಮಗೆ ಬಿಡಿಸಿ ಹೇಳಬೇಕೆ?

ತಾವು ನಕ್ಷೆಯ ಮಾತು ಹೇಳಿದ್ದೀರಿ. ಕಡಿಮೆ ಅಪಾಯದ ವಲಯ. ಕಿಲ್ಲಾರಿಯನ್ನು ಯಾವ ವಲಯದಲ್ಲಿ ಇಟ್ಟಿದ್ದರು ಎಂದು ತಾವು ವಿಚಾರಿಸಿದ್ದೀರಾ? ಎಲ್ಲಕ್ಕಿಂತ ಕೆಳಗಿನ ವಲಯದಲ್ಲೇ. ಅಲ್ಲಿನ ಬಂಡೆಯೂ ಹಳೆಯದು, ಗಟ್ಟಿ, ಅಲ್ಲಾಡದ್ದು ಎಂದೇ ಎಲ್ಲರೂ ನಂಬಿದ್ದರು. ಅಲ್ಲೂ ಗುಂಡುಕಲ್ಲು ಕೆಸರಿನ ಗೋಡೆ, ಅಲ್ಲೂ ಮರದ ತೊಲೆ, ಅಲ್ಲೂ ಮೇಲೆ ಮೊಣಕಾಲುದ್ದದ ಮಣ್ಣು. ದೊಡ್ಡದು ಬರುವುದಕ್ಕೆ ಮೊದಲು ಒಂದು ವರ್ಷದಿಂದ ಅಲ್ಲೂ ನೆಲದಡಿ ಗುಡುಗುಡು ಸದ್ದು ಆಗಾಗ ಬರುತ್ತಿತ್ತಂತೆ. ಜನ ಕೆಲವು ದಿನ ಬಯಲಲ್ಲಿ ಮಲಗಿ, ಏನೂ ಆಗದಿದ್ದಾಗ ಒಳಗೆ ಹೋದರು. ಗಣಪತಿಯನ್ನು ಬಿಟ್ಟುಬಂದು ದಣಿದು ಮಲಗಿದ್ದವರು ಬೆಳಗಾಗುವುದರೊಳಗೆ ಆ ಮಣ್ಣಿನಡಿಯಲ್ಲಿದ್ದರು, ಸಾವಿರಾರು ಜನ. ಭೂಕಂಪ ಅವರನ್ನು ಕೊಲ್ಲಲಿಲ್ಲ, ಅವರ ಮಾಳಿಗೆ ಕೊಂದಿತು. ಆಮೇಲೆ ನಕ್ಷೆಯನ್ನು ತಿದ್ದಿದರು. ಕಳೆದ ವರ್ಷವಂತೂ ಆ ಅತಿ ಕಡಿಮೆ ವಲಯವನ್ನೇ ಕಿತ್ತುಹಾಕಿ ಮುಂದಿನದಕ್ಕೆ ಸೇರಿಸಿದ್ದಾರೆ ಎಂದು ಶಶಿಕಾಂತ್ ಹೇಳಿದ. ತಮ್ಮ ಕಚೇರಿಯ ಗೋಡೆಗೆ ಹಳೆಯ ನಕ್ಷೆಯೇ ನೇತುಬಿದ್ದಿರಬೇಕು. ಇರಲಿ, ನಕ್ಷೆಯ ಬಣ್ಣವನ್ನು ಭೂಮಿ ಓದಿಕೊಂಡು ನಡುಗುವುದಾದರೆ ನಮಗೂ ಚಿಂತೆಯಿರಲಿಲ್ಲ.

ಹುಡುಗ ನಮ್ಮನ್ನು ಹೆದರಿಸಲು ಬಂದವನಲ್ಲ, ಅದನ್ನೂ ಹೇಳಬೇಕು. ‘ದೊಡ್ಡದು ಬರುತ್ತೆ ಅಂತ ನಾನು ಹೇಳಲ್ಲ’ ಎಂದ. ‘ಇಂಥ ಸಣ್ಣವು ಎಷ್ಟೋ ಕಡೆ ಬಂದು ತಣ್ಣಗಾಗ್ತಾವೆ. ಯಾವಾಗ, ಎಲ್ಲಿ ಅಂತ ಮುಂಚೆ ಹೇಳೋ ವಿದ್ಯೆ ಪ್ರಪಂಚದಲ್ಲೇ ಯಾರ ಹತ್ರಾನೂ ಇಲ್ಲ. ಬರಲ್ಲ ಅಂತ ಹೇಳೋ ವಿದ್ಯೇನೂ ಇಲ್ಲ. ಮಣ್ಣು ಇಳಿಸೋದೊಂದು ನಮ್ಮ ಕೈಯಾಗೈತೆ.’

ಇಳಿಸುವುದೆಂದರೆ ಸುಲಭವೆ? ಊರು ಎರಡಾಯಿತು. ‘ನಮ್ಮಪ್ಪನ ಪುಟ್ಟಿ ಇಳಿಸಾಕೆ ನೀನ್ಯಾವನಲೇ?’ ಎಂಬ ಜಗಳಗಳಾದವು. ಎಲ್ಲರ ಕಣ್ಣು ಉಚ್ಚಂಗೆಮ್ಮನ ಮೇಲಿತ್ತು. ಆಕೆಯ ಮಗ ತಿಪ್ಪೇರುದ್ರ ಅವರ ಕೇರಿಯಿಂದ ಮೊದಲು ಶಾಲೆ ಸೇರಿದ ಹುಡುಗ, ಏಳನೇ ಕ್ಲಾಸಿನಲ್ಲಿದ್ದಾಗ ಕಾಮಾಲೆಯಾಗಿ ತೀರಿಕೊಂಡ. ಅವನದೆಂದು ಆಕೆಗೆ ಉಳಿದಿರುವುದು ಮಾಳಿಗೆಯ ಮೇಲಿನ ಆ ಹಿಡಿ ಮಣ್ಣು. ಬೆಳಕಿಂಡಿಯ ಎಡಬದಿಗೆ ಎಂದು ಆಕೆಗೆ ಗುರುತಿದೆ. ಯುಗಾದಿ ಬಂದರೆ ಅಲ್ಲಿಗೆ ಒಂದು ಚೊಂಬು ನೀರು ಚಿಮುಕಿಸಿ ಬರುತ್ತಾಳೆ. ಆಕೆ ಒಪ್ಪದಿದ್ದರೆ ಮಣ್ಣು ಮುಟ್ಟುವುದಿಲ್ಲ ಎಂದು ದುರುಗಣ್ಣನೇ ಹೇಳಿದ್ದ.

ನಾನು ಹೋಗಿ ಕೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

‘ಏನಣ್ಣಾ, ಅದು ಬೀಳುತ್ತಾ?’

‘ಗೊತ್ತಿಲ್ಲ ಉಚ್ಚಂಗೆವ್ವ. ಯಾರಿಗೂ ಗೊತ್ತಿಲ್ಲ.’

‘ಬಿದ್ರೆ ನನ್ನ ಮಗನ ಮಣ್ಣೂ ಇರುತ್ತೆ ತಾನೆ ಅದರಾಗೆ?’

ಆಕೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು, ಅದು ಬೇಯುವವರೆಗೆ ನೋಡುತ್ತಾ ಕೂತಳು. ಆಮೇಲೆ ಕೈ ಒರೆಸಿಕೊಂಡು ಎದ್ದಳು.

‘ನನ್ನ ಮಗನ ಮಣ್ಣು ಇನ್ನೊಬ್ಬರ ಮಕ್ಕಳ ಮೇಲೆ ಬೀಳೋದು ಬ್ಯಾಡ. ಏಣಿ ಎಲ್ಲೈತೆ?’

ಆ ವಯಸ್ಸಿನಲ್ಲಿ ಏಣಿ ಹತ್ತಿದಳು. ಬೆಳಕಿಂಡಿಯ ಎಡಕ್ಕೆ ಕೂತು, ಗುದ್ದಲಿ ಬೇಡವೆಂದು, ಕೈಯಿಂದಲೇ ಕೆರೆದು ಪುಟ್ಟಿ ತುಂಬಿದಳು. ದುರುಗಣ್ಣ ಕೆಳಗೆ ಏಣಿ ಹಿಡಿದಿದ್ದ. ಹೆಂಗಸರು ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದರು. ಹತ್ತಿಸುವಾಗ ಹೇಳುವ ಪದವಿದೆ, ಇಳಿಸುವಾಗ ಹೇಳುವ ಪದ ನಮ್ಮಲ್ಲಿ ಇಲ್ಲ. ಆಕೆ ಇಳಿದು ಬಂದು ಬೇವಿನ ಮರದ ಬುಡಕ್ಕೆ ಮಣ್ಣು ಸುರಿದು, ‘ಇಲ್ಲಿದ್ರೂ ಅವನದೇಯ’ ಎಂದಳು. ಅಷ್ಟಾದ ಮೇಲೆ ಊರಲ್ಲಿ ಜಗಳವಿರಲಿಲ್ಲ. ಮಾರನೆಯ ದಿನ ಎಲ್ಲರೂ ಗುದ್ದಲಿ ಪುಟ್ಟಿ ಹಿಡಿದು ಬರುವುದೆಂದು ಮಾತಾಯಿತು.

ಮಾರನೆಯ ದಿನ ಗುದ್ದಲಿಗಳಿಗಿಂತ ಮುಂಚೆ ತಮ್ಮ ನೋಟೀಸು ಬಂತು. ಯಾರೋ ತಮಗೆ ಸುದ್ದಿ ಮುಟ್ಟಿಸಿದ್ದರು. ಪತ್ರಗಳಿಗೆ ತಿಂಗಳುಗಟ್ಟಲೆ ಉತ್ತರ ಕೊಡದ ಕಚೇರಿ ಒಂದು ಪುಟ್ಟಿ ಮಣ್ಣಿಗೆ ಒಂದೇ ದಿನದಲ್ಲಿ ಎಚ್ಚರವಾಯಿತು. ಸರ್ಕಾರಿ ಕಟ್ಟಡದ ಯಾವುದೇ ಭಾಗವನ್ನು ಅನುಮತಿಯಿಲ್ಲದೆ ತೆಗೆಯುವುದು ಅಪರಾಧ, ತೆಗೆದವರ ಮೇಲೆ ಮೊಕದ್ದಮೆ, ತಡೆಯದ ಮುಖ್ಯೋಪಾಧ್ಯಾಯಿನಿಯ ಮೇಲೆ ಇಲಾಖಾ ಕ್ರಮ. ನಮಗೆ ಮೊಕದ್ದಮೆಯ ಭಯ ಅಷ್ಟಿಲ್ಲ. ದಾಕ್ಷಾಯಿಣಿ ಟೀಚರ ಕೆಲಸಕ್ಕೆ ಕುತ್ತು ಬರುತ್ತದೆಂದು ಗುದ್ದಲಿಗಳನ್ನು ಗೋಡೆಗೆ ಒರಗಿಸಿದೆವು. ಅವು ಇನ್ನೂ ಅಲ್ಲೇ ಒರಗಿವೆ. ನಮ್ಮ ಮಕ್ಕಳ ತಲೆಯ ಮೇಲಿನ ಮಣ್ಣು ಸರ್ಕಾರದ ಆಸ್ತಿ ಎಂದು ಆ ದಿನ ಗೊತ್ತಾಯಿತು. ಕೆಳಗಿರುವ ಮಕ್ಕಳು ಯಾರ ಆಸ್ತಿ ಎಂದು ನೋಟೀಸಿನಲ್ಲಿ ಬರೆದಿರಲಿಲ್ಲ.

ಹೋದ ವಾರ ಮಧ್ಯಾಹ್ನ ಮತ್ತೊಮ್ಮೆ ಗುಡುಗುಡು ಎಂದಿತು. ಮೊದಲಿನಷ್ಟು ಜೋರಲ್ಲ. ರಜೆಯಾದ್ದರಿಂದ ಶಾಲೆಯಲ್ಲಿ ಯಾರೂ ಇರಲಿಲ್ಲ. ಬೀಗ ಹಾಕಿದ ಬಾಗಿಲಿನ ಸಂದಿಯಿಂದ ಸ್ವಲ್ಪ ಧೂಳು ಬಂದು ಹೊಸ್ತಿಲ ಮೇಲೆ ಕೂತಿತು. ಕಿಟಕಿಯಿಂದ ಇಣುಕಿ ನೋಡಿದೆ. ನಡುತೊಲೆ ಗೋಡೆಯಲ್ಲಿ ಕೂತಿರುವ ಕಡೆ ಒಂದು ಕಲ್ಲು ಹೊರಗೆ ಬಂದಿದೆ, ಬಾಯಿಂದ ಹಲ್ಲು ಮುಂದೆ ಬಂದ ಹಾಗೆ.

ಆದ್ದರಿಂದ ಮಾನ್ಯರೇ, ನಾವು ಹೊಸ ಕಟ್ಟಡ ಕೇಳುತ್ತಿಲ್ಲ. ಯಂತ್ರ ಕೇಳುತ್ತಿಲ್ಲ, ತಮ್ಮನ್ನು ಊರಿಗೆ ಬನ್ನಿ ಎಂದು ಕೂಡ ಕರೆಯುತ್ತಿಲ್ಲ. ಆ ಟ್ರ್ಯಾಕ್ಟರ್ ಲೋಡಿನ ಮಂಜೂರಾತಿಯನ್ನು ರದ್ದು ಮಾಡಿ. ಮಣ್ಣು ಇಳಿಸಿಕೊಳ್ಳಿ ಎಂದು ಒಂದು ಸಾಲು ಬರೆದುಕೊಡಿ, ಕೂಲಿ ನಮ್ಮದೇ. ಇಳಿಸಿ ಮುಗಿಯುವವರೆಗೆ, ಗೋಡೆಯನ್ನು ತಿಳಿದವರು ನೋಡುವವರೆಗೆ, ಮಕ್ಕಳು ಬೇವಿನ ಮರದಡಿ ಕೂರಲಿ. ಅದು ಇಲಾಖೆಗೆ ಶೋಭೆಯಲ್ಲ ಎನ್ನುವುದಾದರೆ ಇಲಾಖೆ ಸ್ವಲ್ಪ ದಿನ ಶೋಭೆಯಿಲ್ಲದೆ ಇರಲಿ. ಅದೂ ಆಗದಿದ್ದರೆ ಇನ್ನೊಂದು ದಾರಿ ಹೇಳುತ್ತೇನೆ. ಶಾಲೆ ಶುರುವಾಗುವ ದಿನ ತಮ್ಮ ಮೇಜು ಕುರ್ಚಿಯನ್ನು ಆ ನಡುತೊಲೆಯ ಕೆಳಗೆ ಹಾಕಿಸಿಕೊಂಡು ಅಲ್ಲಿಂದಲೇ ಕಚೇರಿ ನಡೆಸಿ. ಫ್ಯಾನಿಲ್ಲ, ಆದರೆ ಮಣ್ಣಿನ ಮಾಳಿಗೆಯಾದ್ದರಿಂದ ಬಹಳ ತಂಪು.

ನಿನ್ನೆ ಸೌಂದರ್ಯ ಹೊಸ ಪಾಟಿಚೀಲವನ್ನು ಹೆಗಲಿಗೆ ಹಾಕಿಕೊಂಡು ಮನೆಯೊಳಗೆಲ್ಲ ಓಡಾಡುತ್ತಿದ್ದಳು. ಈ ವರ್ಷ ನಾಲ್ಕನೇ ಕ್ಲಾಸು. ‘ತಾತಾ, ನಾನು ಸೇರಿದಾಗ ಹಾಕಿದ್ನಲ್ಲ ಹಿಡಿ ಮಣ್ಣು, ಅದು ಎಲ್ಲೈತೆ ಗೊತ್ತಾ? ನಾಕನೇ ಕ್ಲಾಸಿನೋರು ಕೂರ್ತಾರಲ್ಲ, ಸೀದಾ ಅದರ ಮೇಲೇ ಐತೆ’ ಎಂದಳು. ಎಷ್ಟು ಸಂತೋಷದಿಂದ ಹೇಳಿದಳು ಎಂಬುದನ್ನು ತಮಗೆ ಬರೆದು ತಿಳಿಸಲು ನನಗೆ ಬರುವುದಿಲ್ಲ.

ಇಂತಿ,
ಏಣಿ ಹತ್ತುವುದನ್ನು ಮಾತ್ರ ಕಲಿತು, ಇಳಿಯಲು ತಮ್ಮ ಅಪ್ಪಣೆಗಾಗಿ ಕಾದು ನಿಂತಿರುವ ಊರಿನವರ ಪರವಾಗಿ,
ಸೌಂದರ್ಯಳ ತಾತ ಮುದ್ದಪ್ಪ
ಕರೆಕಲ್ಲಹಟ್ಟಿ, ಮೇ ೨೦೦೩